ಹೊಸ ಸಿ++ಗೆ ಯಾವ ಕಂಪೈಲರ್? ಜಿಸಿಸಿ, ಕ್ಲ್ಯಾಂಗ್, ಎಂಎಸ್‌ವಿಸಿಗಳ ಒಂದು ಹೋಲಿಕೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಕಚೇರಿಯಲ್ಲಿ ವೇಬ್ರಿಡ್ಜ್‌ಗಳಿಗೆ ಬೇಕಾದ ತಂತ್ರಾಂಶವನ್ನು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತೇವೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಾಗ ತೂಕ ತೋರಿಸುವ ಇಂಡಿಕೇಟರ್ ಪೆಟ್ಟಿಗೆಯಿಂದ ಸೀರಿಯಲ್ ಪೋರ್ಟ್ ಮೂಲಕ ಬರುವ ಅಂಕಿಯನ್ನು ಓದಿ, ಖಾಲಿ ಗಾಡಿಯ ತೂಕವನ್ನು ಕಳೆದು, ರೈತರ ಕೈಗೆ ಚೀಟಿ ಕೊಡುವುದಷ್ಟೇ ಅದರ ಕೆಲಸ. ಇಷ್ಟು ಸರಳವಾದ ಕೆಲಸಕ್ಕೆ ಹೊಸ ಸಿ++ ಏಕೆ ಬೇಕು ಎಂದು ಕೇಳುವವರು ಇದ್ದಾರೆ. ಆದರೆ ಹೊಸ ಸೌಲಭ್ಯಗಳಿಂದ ನಮ್ಮ ಕೋಡ್ ಚಿಕ್ಕದಾಗಿದೆ, ತಪ್ಪುಗಳು ಕಡಿಮೆಯಾಗಿವೆ. ಆ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಬೇರೆ ಕಡೆ: ಆ ಸೌಲಭ್ಯಗಳು ಯಾವ ಕಂಪೈಲರ್‌ನಲ್ಲಿ, ಯಾವ ಆವೃತ್ತಿಯಿಂದ, ಎಷ್ಟರ ಮಟ್ಟಿಗೆ ಸಿಗುತ್ತವೆ ಎಂಬಲ್ಲಿ. ಕಂಪೈಲರ್ ಎಂದರೆ ನಾವು ಬರೆದ ಕೋಡ್ ಅನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಮ್ ಆಗಿಸುವ ತಂತ್ರಾಂಶ. ರಜೆಯಲ್ಲಿ ನಮ್ಮಲ್ಲಿಗೆ ತರಬೇತಿಗೆ ಬರುವ ವಿದ್ಯಾರ್ಥಿಗಳು ಮೊದಲ ದಿನವೇ ಕೇಳುವ ಪ್ರಶ್ನೆಯೂ ಇದೇ: "ಸರ್, ಯಾವ ಕಂಪೈಲರ್ ಹಾಕ್ಕೊಳ್ಳಲಿ?" ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಬರವಣಿಗೆಗೆ ಇಳಿಸಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಸಿ++ ಮಾನಕ ಎನ್ನುವುದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸುವ, ಭಾಷೆಯಲ್ಲಿ ಏನೇನಿರಬೇಕು ಎಂದು ಹೇಳುವ ಒಂದು ದಾಖಲೆ. ಅದು ಕಂಪೈಲರ್ ಅಲ್ಲ. ಸಿ++20 ಮಾನಕ 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಸಿ++23ರ ತಾಂತ್ರಿಕ ಕೆಲಸ 2023ರಲ್ಲಿಯೇ ಮುಗಿದಿದ್ದರೂ ದಾಖಲೆಯಾಗಿ ಹೊರಬಂದದ್ದು 2024ರಲ್ಲಿ. ಕಂಪೈಲರ್ ಬರೆಯುವವರು ಈ ದಾಖಲೆಗಾಗಿ ಕಾಯುವುದೂ ಇಲ್ಲ, ದಾಖಲೆ ಬಂದ ಮರುದಿನ ಎಲ್ಲವನ್ನೂ ಮುಗಿಸಿಕೊಡುವುದೂ ಇಲ್ಲ. ಕೆಲವು ಸೌಲಭ್ಯಗಳು ಮಾನಕಕ್ಕಿಂತ ಮೊದಲೇ ಬರುತ್ತವೆ, ಕೆಲವು ನಾಲ್ಕೈದು ವರ್ಷ ಕಳೆದರೂ ಬರುವುದಿಲ್ಲ. ಆದ್ದರಿಂದ "ಈ ಕಂಪೈಲರ್ ಸಿ++23ಕ್ಕೆ ಬೆಂಬಲ ಕೊಡುತ್ತದೆಯೇ" ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವೇ ಇರುವುದಿಲ್ಲ. ನಮಗೆ ಬೇಕಾದ ಸೌಲಭ್ಯದ ಹೆಸರು ಹಿಡಿದೇ ಕೇಳಬೇಕು.

ಹಾಗೆ ಕೇಳುವಾಗಲೂ ಆ ಸೌಲಭ್ಯ ಭಾಷೆಗೆ ಸೇರಿದ್ದೋ, ಭಾಷೆಯ ಜೊತೆಗೆ ಸಿಗುವ ಸಿದ್ಧ ಕೋಡ್‌ನ ಸಂಗ್ರಹವಾದ ಸ್ಟ್ಯಾಂಡರ್ಡ್ ಲೈಬ್ರರಿಗೆ ಸೇರಿದ್ದೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಟೆಂಪ್ಲೇಟ್‌ಗೆ ಎಂಥ ಟೈಪ್ ಕೊಡಬಹುದು ಎಂದು ನಿಗದಿಪಡಿಸುವ ಕಾನ್ಸೆಪ್ಟ್‌ಗಳು, ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್‌ಗಳಾದ ಕೊರೂಟೀನ್‌ಗಳು ಭಾಷೆಯ ಭಾಗ. ಅವುಗಳನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಕಂಪೈಲರ್. ಮೌಲ್ಯಗಳನ್ನು ಬೇಕಾದ ರೂಪದ ಪಠ್ಯವಾಗಿಸುವ ಫಾರ್ಮ್ಯಾಟ್, ಅಂಥ ಪಠ್ಯವನ್ನು ಪರದೆಗೆ ಅಚ್ಚು ಹಾಕುವ ಪ್ರಿಂಟ್, ಮುಂದೆ ವಿವರಿಸಲಿರುವ ಎಕ್ಸ್‌ಪೆಕ್ಟೆಡ್ ಮುಂತಾದವು ಲೈಬ್ರರಿಯ ಭಾಗ; ಅವು ಇರುವುದು ಕಂಪೈಲರ್ ಜೊತೆಗೆ ಬರುವ, ನಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಹೆಡರ್ ಕಡತಗಳಲ್ಲಿ. ಜಿಸಿಸಿಗೆ ಲಿಬ್‌ಎಸ್‌ಟಿಡಿಸಿ++ ಎಂಬ ಲೈಬ್ರರಿ ಇದೆ, ಕ್ಲ್ಯಾಂಗ್‌ಗೆ ಲಿಬ್‌ಸಿ++ ಇದೆ, ಎಂಎಸ್‌ವಿಸಿಗೆ ಮೈಕ್ರೋಸಾಫ್ಟ್‌ನ ಎಸ್‌ಟಿಎಲ್ ಇದೆ. ಈ ಭೇದ ಪುಸ್ತಕದ ಬದನೆಕಾಯಿಯಲ್ಲ ಎಂಬುದು ಕ್ಲ್ಯಾಂಗ್ ಬಗ್ಗೆ ಹೇಳುವಾಗ ಸ್ಪಷ್ಟವಾಗುತ್ತದೆ.

ಜಿಸಿಸಿ

ಲಿನಕ್ಸ್‌ನಲ್ಲಿ ಕೆಲಸ ಮಾಡುವವರಿಗೆ ನನ್ನ ಮೊದಲ ಶಿಫಾರಸು ಜಿಸಿಸಿ. ಹೊಸ ಮಾನಕದ ಭಾಷಾ ಭಾಗವನ್ನು ಅದು ಬೇಗನೆ ಅಳವಡಿಸಿಕೊಳ್ಳುತ್ತದೆ, ಅದರ ಲೈಬ್ರರಿಯೂ ಹೆಚ್ಚು ಹಿಂದೆ ಬೀಳುವುದಿಲ್ಲ. 2020ರಲ್ಲಿ ಬಂದ ಜಿಸಿಸಿ 10ರಲ್ಲಿಯೇ ಕಾನ್ಸೆಪ್ಟ್‌ಗಳಿದ್ದವು. 2021ರ ಜಿಸಿಸಿ 11ರಿಂದ 2025ರ ಜಿಸಿಸಿ 15ರವರೆಗೆ, ನಾವು ಏನನ್ನೂ ಸೂಚಿಸದಿದ್ದರೆ ಅದು ಸಿ++17 ಎಂದೇ ಭಾವಿಸುತ್ತದೆ. ಎಕ್ಸ್‌ಪೆಕ್ಟೆಡ್ ಜಿಸಿಸಿ 12ರಲ್ಲಿ ಬಂದಿತು. ಆದರೆ ಫಾರ್ಮ್ಯಾಟ್‌ಗಾಗಿ 2023ರ ಜಿಸಿಸಿ 13ರವರೆಗೂ, ಪ್ರಿಂಟ್‌ಗಾಗಿ 2024ರ ಜಿಸಿಸಿ 14ರವರೆಗೂ ಕಾಯಬೇಕಾಯಿತು. ಫಾರ್ಮ್ಯಾಟ್ ಸಿ++20ಕ್ಕೆ ಸೇರಿದ್ದು, ಎಕ್ಸ್‌ಪೆಕ್ಟೆಡ್ ಸಿ++23ಕ್ಕೆ ಸೇರಿದ್ದು ಎಂಬುದನ್ನು ಗಮನಿಸಿದರೆ, ಹಳೆಯ ಮಾನಕದ ಸೌಲಭ್ಯ ಹೊಸ ಮಾನಕದ್ದಕ್ಕಿಂತ ತಡವಾಗಿ ಬಂದಿರುವುದು ತಿಳಿಯುತ್ತದೆ. ಮಾನಕದ ವರ್ಷ ನೋಡಿ ಲೆಕ್ಕ ಹಾಕುವವರು ಎಡವುವುದು ಇಲ್ಲಿಯೇ.

ನಮ್ಮ ಕೈಗೆ ಸಿಗುವ ಜಿಸಿಸಿ ಯಾವುದು ಎಂಬುದನ್ನು ನಿರ್ಧರಿಸುವುದು ಬಹುಪಾಲು ನಮ್ಮ ಲಿನಕ್ಸ್ ವಿತರಣೆ. ಉಬುಂಟು 22.04ರಲ್ಲಿ ಸಹಜವಾಗಿ ಬರುವುದು ಜಿಸಿಸಿ 11. ಕೇಳಿ ಹಾಕಿಸಿಕೊಂಡರೆ 12 ಸಿಗುತ್ತದೆ. ಉಬುಂಟು 24.04ರಲ್ಲಿ ಸಹಜವಾಗಿ 13, ಕೇಳಿದರೆ 14. ಡೆಬಿಯನ್ 12ರಲ್ಲಿ ಜಿಸಿಸಿ 12, ಡೆಬಿಯನ್ 13ರಲ್ಲಿ 14. ಉಬುಂಟು 24.04 ಹೊಸದಾಗಿ ಹಾಕಿಕೊಂಡ ವಿದ್ಯಾರ್ಥಿಯೊಬ್ಬರು ಸಿ++23 ಪಾಠ ನೋಡಿ ಪ್ರಿಂಟ್ ಹೆಡರ್ ಸೇರಿಸಿದರೆ, ಅಂಥ ಕಡತವೇ ಇಲ್ಲ ಎಂದು ಕಂಪೈಲರ್ ನಿಲ್ಲುತ್ತದೆ. ತಪ್ಪು ವಿದ್ಯಾರ್ಥಿಯದಲ್ಲ, ಜಿ++-14 ಎಂಬ ಪೊಟ್ಟಣವನ್ನು ಪ್ರತ್ಯೇಕವಾಗಿ ಹಾಕಿಕೊಂಡು, ಅದನ್ನೇ ಹೆಸರಿಸಿ ಕರೆಯಬೇಕು.

ಕ್ಲ್ಯಾಂಗ್

ಕ್ಲ್ಯಾಂಗ್‌ನ ತಪ್ಪು ಸಂದೇಶಗಳು ಓದಲು ಹಿತವಾಗಿರುತ್ತವೆ ಎಂಬ ಹೊಗಳಿಕೆ ಹಳೆಯದು. ಜಿಸಿಸಿಯೂ ಈಗ ಅಷ್ಟೇ ಚೆನ್ನಾಗಿ ಹೇಳುತ್ತದೆ. ಕ್ಲ್ಯಾಂಗ್‌ನ ನಿಜವಾದ ಬಲ ಅದರ ಸುತ್ತ ಬೆಳೆದಿರುವ ಸಲಕರಣೆಗಳಲ್ಲಿದೆ. ಎಡಿಟರ್‌ಗೆ ನೆರವಾಗುವ ಕ್ಲ್ಯಾಂಗ್‌ಡಿ, ಕೋಡ್‌ನಲ್ಲಿರುವ ದೋಷಗಳನ್ನು ಹೆಕ್ಕಿ ತೋರಿಸುವ ಕ್ಲ್ಯಾಂಗ್-ಟೈಡಿ, ಕೋಡ್ ಅನ್ನು ಅಂದವಾಗಿ ಜೋಡಿಸುವ ಕ್ಲ್ಯಾಂಗ್-ಫಾರ್ಮ್ಯಾಟ್ ಇಲ್ಲದೆ ನಮ್ಮ ಕಚೇರಿ ಒಂದು ದಿನವೂ ನಡೆಯುವುದಿಲ್ಲ. ಆದರೆ ಹೊಸ ಸೌಲಭ್ಯಗಳ ವಿಷಯದಲ್ಲಿ ಅದರ ಕಥೆ ಜಿಸಿಸಿಯಷ್ಟು ನೇರವಾಗಿಲ್ಲ.

ಕಾರಣ ಇದು. ಲಿನಕ್ಸ್‌ನಲ್ಲಿ ಕ್ಲ್ಯಾಂಗ್ ಸಾಮಾನ್ಯವಾಗಿ ತನ್ನದೇ ಲೈಬ್ರರಿಯನ್ನು ಬಳಸುವುದಿಲ್ಲ. ಯಂತ್ರದಲ್ಲಿ ಈಗಾಗಲೇ ಇರುವ ಜಿಸಿಸಿಯ ಲೈಬ್ರರಿಯನ್ನೇ ಬಳಸಿಕೊಳ್ಳುತ್ತದೆ. ಅಂದರೆ ಅಡುಗೆಯವರು ಒಬ್ಬರು, ಪಾತ್ರೆ ಪಡಗ ಇನ್ನೊಬ್ಬರ ಮನೆಯದು. ನಮಗೆ ಇದರ ಬಿಸಿ ತಟ್ಟಿದ್ದು ಎಕ್ಸ್‌ಪೆಕ್ಟೆಡ್ ವಿಷಯದಲ್ಲಿ. ಒಂದು ಫಂಕ್ಷನ್ ಸರಿಯಾದ ಉತ್ತರವನ್ನಾಗಲಿ, ಉತ್ತರ ಏಕೆ ಸಿಗಲಿಲ್ಲ ಎಂಬ ಕಾರಣವನ್ನಾಗಲಿ ಹಿಂದಿರುಗಿಸಲು ಎಕ್ಸ್‌ಪೆಕ್ಟೆಡ್ ಅನುಕೂಲ ಮಾಡಿಕೊಡುತ್ತದೆ. ಇಂಡಿಕೇಟರ್ ತೂಕ ಕೊಟ್ಟರೆ ತೂಕ. ಕೊಡದಿದ್ದರೆ ವೈರ್ ಕಳಚಿದೆಯೋ, ಅಂಕಿ ಇನ್ನೂ ಓಲಾಡುತ್ತಿದೆಯೋ, ಅರ್ಧ ಸಾಲು ಮಾತ್ರ ಬಂದಿದೆಯೋ ಎಂಬ ವಿವರ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂಥ ಸೌಲಭ್ಯ ಅದು. ಉಬುಂಟು 24.04ರ ಜಿಸಿಸಿ 13ರಲ್ಲಿ ಆ ಕೋಡ್ ತಕರಾರಿಲ್ಲದೆ ಕಂಪೈಲ್ ಆಯಿತು. ಅದೇ ಯಂತ್ರದ ಕ್ಲ್ಯಾಂಗ್ 18ಕ್ಕೆ ಅದೇ ಕಡತವನ್ನು ಕೊಟ್ಟರೆ, ಹೆಡರ್ ಸೇರಿಸುವ ಸಾಲನ್ನು ಏನೂ ಅನ್ನದೆ ದಾಟಿ, ಮುಂದೆ ಎಕ್ಸ್‌ಪೆಕ್ಟೆಡ್ ಎಂಬ ಟೆಂಪ್ಲೇಟ್ ಇಲ್ಲವೆಂದಿತು. ಹೆಡರ್ ಇದೆ, ಒಳಗೆ ಏನೂ ಇಲ್ಲ, ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅರ್ಧ ದಿನ ಹುಡುಕಿದ ಮೇಲೆ ಗೊತ್ತಾದದ್ದು ಹೀಗೆ. ಲಿಬ್‌ಎಸ್‌ಟಿಡಿಸಿ++ನ ಆ ಹೆಡರ್ ತನ್ನ ಒಳಗಿನ ಕೋಡ್ ಅನ್ನು ತೆರೆದಿಡುವ ಮೊದಲು ಕಂಪೈಲರ್‌ನ ಒಂದು ಮ್ಯಾಕ್ರೋವನ್ನು, ಅಂದರೆ ಅದು ಮೊದಲೇ ಹೆಸರಿಟ್ಟು ಕೊಡುವ ಒಂದು ಮೌಲ್ಯವನ್ನು, ಪರೀಕ್ಷಿಸುತ್ತದೆ: ಕಾನ್ಸೆಪ್ಟ್‌ಗಳ ಬೆಂಬಲ ಎಷ್ಟು ಹೊಸದು ಎಂದು ತಿಳಿಸುವ ಸಂಖ್ಯೆ ಕನಿಷ್ಠ 202002 ಆಗಿರಬೇಕು. ಕ್ಲ್ಯಾಂಗ್ 18 ಆ ಜಾಗದಲ್ಲಿ 201907 ಎಂದು ಹೇಳುತ್ತದೆ. ಆದ್ದರಿಂದ ಹೆಡರ್ ತನ್ನ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕ್ಲ್ಯಾಂಗ್ 19ರಿಂದ ಆ ಸಂಖ್ಯೆ ಮೇಲೇರಿದೆ, ತೊಂದರೆ ತಾನಾಗಿ ನಿವಾರಣೆಯಾಗಿದೆ. ಕ್ಲ್ಯಾಂಗ್ 18ರಲ್ಲಿಯೇ ಇರಬೇಕಾದವರು ಲಿಬ್‌ಸಿ++ ಹಾಕಿಕೊಂಡು, ಲೈಬ್ರರಿ ಅದೇ ಆಗಿರಲಿ ಎಂದು ಕಂಪೈಲ್ ಮಾಡುವಾಗ ಸೂಚಿಸಬಹುದು; ಎಕ್ಸ್‌ಪೆಕ್ಟೆಡ್ ಲಿಬ್‌ಸಿ++ 16ರಿಂದಲೇ ಇದೆ. ಮ್ಯಾಕ್ರೋವಿನ ಸಂಖ್ಯೆಯನ್ನು ಕೈಯಾರೆ ತಿದ್ದಿ ಹೆಡರ್ ಅನ್ನು ನಂಬಿಸುವ ಉಪಾಯವೂ ಚಾಲ್ತಿಯಲ್ಲಿದೆ. ಪ್ರಯೋಗಕ್ಕೆ ಸರಿ, ಗ್ರಾಹಕರಿಗೆ ಕೊಡುವ ತಂತ್ರಾಂಶದಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಲಿಬ್‌ಸಿ++ಗೆ ಹೋದರೆ ಎಲ್ಲವೂ ಸುಖ ಎಂದೂ ಅಲ್ಲ. ಅದರ ಫಾರ್ಮ್ಯಾಟ್ ಪೂರ್ಣವಾದದ್ದು 17ನೆಯ ಆವೃತ್ತಿಯಲ್ಲಿ, ಪ್ರಿಂಟ್ ಬಂದದ್ದು 18ರಲ್ಲಿ. ಸಿ++20ಕ್ಕೆ ಸೇರಿದ, ಒಂದೇ ಪ್ರೋಗ್ರಾಮ್‌ನಲ್ಲಿ ಕೆಲಸಗಳನ್ನು ಜೊತೆಜೊತೆಗೆ ನಡೆಸಲು ನೆರವಾಗುವ ಜೆಥ್ರೆಡ್ 18ರಲ್ಲಿ ಪ್ರಾಯೋಗಿಕವೆಂಬ ಹಣೆಪಟ್ಟಿಯೊಂದಿಗೆ ಬಂದು, 20ರಲ್ಲಷ್ಟೇ ಸಹಜ ಸೌಲಭ್ಯವಾಯಿತು. ಕೊರೂಟೀನ್‌ಗಳನ್ನು ಸುಲಭವಾಗಿ ಬಳಸಲು ನೆರವಾಗುವ ಜನರೇಟರ್ ಜಿಸಿಸಿ 14ರಲ್ಲಿದೆ, ಲಿಬ್‌ಸಿ++ 20ರಲ್ಲಿ ಇಲ್ಲ. ಇನ್ನು ಆಪಲ್ ಕೊಡುವ ಕ್ಲ್ಯಾಂಗ್‌ನ ಆವೃತ್ತಿ ಸಂಖ್ಯೆ ಮೂಲ ಕ್ಲ್ಯಾಂಗ್‌ನ ಸಂಖ್ಯೆಯೊಂದಿಗೆ ಹೊಂದುವುದೇ ಇಲ್ಲ. ಮ್ಯಾಕ್ ಬಳಸುವವರು ಮೇಲಿನ ಸಂಖ್ಯೆಗಳನ್ನು ನೇರವಾಗಿ ತಮ್ಮ ಯಂತ್ರಕ್ಕೆ ಅನ್ವಯಿಸಿಕೊಳ್ಳಬಾರದು.

ಎಂಎಸ್‌ವಿಸಿ

ವಿಂಡೋಸ್‌ನ ಎಂಎಸ್‌ವಿಸಿ ಬಗ್ಗೆ ನಮ್ಮ ಕಡೆ ಲಿನಕ್ಸ್ ಅಭಿಮಾನಿಗಳು ಹಗುರವಾಗಿ ಮಾತನಾಡುವುದುಂಟು. ಹತ್ತು ವರ್ಷಗಳ ಹಿಂದೆ ಆ ಮಾತಿಗೆ ಆಧಾರವಿತ್ತು. ಈಗಿಲ್ಲ. ಅದು ಬರುವುದು ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಜೊತೆಗೆ. 2021ರಲ್ಲಿ ಬಂದ ವಿಷುಯಲ್ ಸ್ಟುಡಿಯೋ 2019ರ 16.10ನೆಯ ಆವೃತ್ತಿಯಲ್ಲಿ ಸಿ++20ರ ಸೌಲಭ್ಯಗಳನ್ನು ಪೂರ್ಣಗೊಳಿಸಿದ್ದು ಮೈಕ್ರೋಸಾಫ್ಟ್; ಆಗ ಜಿಸಿಸಿಯಲ್ಲಿ ಫಾರ್ಮ್ಯಾಟ್ ಕೂಡ ಇರಲಿಲ್ಲ. ವಿಷುಯಲ್ ಸ್ಟುಡಿಯೋ 2022ರಲ್ಲಿ ಎಕ್ಸ್‌ಪೆಕ್ಟೆಡ್ 17.3ರಲ್ಲಿಯೂ ಪ್ರಿಂಟ್ 17.7ರಲ್ಲಿಯೂ ಬಂದವು. ಸಿ++23ರ ಲೈಬ್ರರಿಯಲ್ಲಿ ಹೀಗೆ ಮುಂದಿದ್ದರೂ ಭಾಷಾ ಭಾಗದಲ್ಲಿ ಅದು ನಿಧಾನಿಸಿತು. ಕೋಡ್ ಕಂಪೈಲ್ ಸಮಯದಲ್ಲಿಯೇ ನಡೆಯುತ್ತಿದೆಯೇ ಎಂದು ಕೇಳುವ ಇಫ್ ಕಾನ್ಸ್‌ಟೆವಾಲ್ ಎಂಬ ಸಣ್ಣ ಸೌಲಭ್ಯ ಜಿಸಿಸಿ 12 ಮತ್ತು ಕ್ಲ್ಯಾಂಗ್ 14ರಲ್ಲಿ 2022ರಲ್ಲಿಯೇ ಇತ್ತು. ಎಂಎಸ್‌ವಿಸಿಗೆ ಅದು ಬಂದದ್ದು 2025ರ 17.14ರಲ್ಲಿ.

ಎಂಎಸ್‌ವಿಸಿಗೆ ಹೊಸದಾಗಿ ಬರುವವರು ಎರಡು ವಿಷಯ ತಿಳಿದಿರಬೇಕು. ನಾವು ಸೂಚಿಸದಿದ್ದರೆ ಅದು ಸಿ++14 ಎಂದೇ ಭಾವಿಸುತ್ತದೆ. ಮಾನಕದ ವರ್ಷವನ್ನು ತಿಳಿಸಬೇಕಾದ ಮ್ಯಾಕ್ರೋವನ್ನು ಕೇಳಿದರೆ, ಸಿ++20 ಎಂದು ಸೂಚಿಸಿದ್ದರೂ 199711 ಎಂಬ ಉತ್ತರವನ್ನೇ ಕೊಡುತ್ತದೆ, ಅಂದರೆ 1997ರ ನವೆಂಬರ್. ಹಳೆಯ ಕೋಡ್ ಮುರಿಯದಿರಲೆಂದು ಹಾಗೆ ಉಳಿಸಿಕೊಂಡಿದ್ದಾರೆ; ನಿಜವಾದ ಸಂಖ್ಯೆ ಬೇಕಿದ್ದರೆ ಬೇರೆ ಆಯ್ಕೆಯನ್ನು ಕೊಡಬೇಕು. ಬೆಲೆಯ ಬಗ್ಗೆ ಕೇಳುವವರಿಗೆ: ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ವಿದ್ಯಾರ್ಥಿಗಳಿಗೂ ಒಬ್ಬರೇ ಕೆಲಸ ಮಾಡುವವರಿಗೂ ಉಚಿತ, ದೊಡ್ಡ ಉದ್ದಿಮೆಯಲ್ಲದ ಸಂಸ್ಥೆಗಳಲ್ಲಿ ಐದು ಮಂದಿಯವರೆಗೆ ಬಳಸಬಹುದು. ನಮ್ಮಲ್ಲಿ ನಾಲ್ಕೇ ಜನ ಇರುವುದರಿಂದ ಆ ಚಿಂತೆ ಇನ್ನೂ ಬಂದಿಲ್ಲ.

ಕಂಪೈಲ್ ಆದ ಮೇಲಿನ ಕಥೆ

ಬೆಂಬಲದ ಕೋಷ್ಟಕಗಳಲ್ಲಿ ಕಾಣಿಸದ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಅಂಶವೊಂದಿದೆ. ನಾವು ಕಂಪೈಲ್ ಮಾಡುವ ಯಂತ್ರ ಒಂದು, ಪ್ರೋಗ್ರಾಮ್ ಓಡಬೇಕಾದ ಯಂತ್ರ ಇನ್ನೊಂದು. ಈ ಪಾಠವನ್ನು ನಾನು ಕಲಿತದ್ದು ಮದ್ದೂರಿನ ಬಳಿಯ ಒಂದು ವೇಬ್ರಿಡ್ಜ್‌ನಲ್ಲಿ, ಕಬ್ಬು ಕಟಾವಿನ ಕಾಲದಲ್ಲಿ. ಮೈಸೂರಿನಲ್ಲಿ ನನ್ನ ಉಬುಂಟು 24.04 ಯಂತ್ರದಲ್ಲಿ ಹೊಸ ಆವೃತ್ತಿಯನ್ನು ಸಿದ್ಧಪಡಿಸಿ, ಅಲ್ಲಿನ ಉಬುಂಟು 22.04 ಯಂತ್ರಕ್ಕೆ ರಾತ್ರಿ ದೂರದಿಂದಲೇ ಹಾಕಿದ್ದೆ. ಬೆಳಿಗ್ಗೆ ಆರೂವರೆಗೆ ಕರೆ ಬಂತು: "ತೂಕನೇ ಬತ್ತಾ ಇಲ್ಲ ಸಾ, ಏನೋ ಇಂಗ್ಲಿಷ್‌ನಲ್ಲಿ ಬರ್ದದೆ." ಹಿಂದೆ ಟ್ರ್ಯಾಕ್ಟರ್‌ಗಳ ಹಾರನ್ ಕೇಳಿಸುತ್ತಿತ್ತು.

ಪರದೆಯ ಫೋಟೋ ತರಿಸಿಕೊಂಡು ನೋಡಿದರೆ ಎರಡು ದೂರುಗಳಿದ್ದವು. ಒಂದು, ಲಿಬ್‌ಎಸ್‌ಟಿಡಿಸಿ++ನಲ್ಲಿ 3.4.32 ಎಂಬ ಆವೃತ್ತಿ ಗುರುತು ಸಿಗಲಿಲ್ಲ ಎಂದು. ಎರಡು, ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ 2.38 ಸಿಗಲಿಲ್ಲ ಎಂದು. ನಾನು ಹೊಸ ಸೌಲಭ್ಯ ಬಳಸಿದ್ದರಿಂದ ಹೀಗಾಯಿತು ಎಂದು ಮೊದಲು ಭಾವಿಸಿದೆ, ಅದು ತಪ್ಪಾಗಿತ್ತು. ಮೊದಲ ದೂರಿಗೆ ಕಾರಣ ಎಲ್ಲರೂ ಮೊದಲ ಪಾಠದಲ್ಲಿ ಬರೆಯುವ ಐಒಸ್ಟ್ರೀಮ್ ಹೆಡರ್: 24.04ರ ಜಿಸಿಸಿ 13ರೊಂದಿಗೆ ಅದನ್ನು ಸೇರಿಸಿ ಕಟ್ಟಿದ ಪ್ರೋಗ್ರಾಮ್ ಆ 3.4.32 ಗುರುತನ್ನು ಬೇಡುತ್ತದೆ. ಸಹಜವಾಗಿ ಬರುವ ಕಂಪೈಲರ್ 11 ಆದರೂ 22.04ರಲ್ಲಿರುವುದು ಜಿಸಿಸಿ 12ರ ಕಾಲದ ಲೈಬ್ರರಿ, ಅದರಲ್ಲಿ ಗುರುತುಗಳು 3.4.30ಕ್ಕೆ ನಿಲ್ಲುತ್ತವೆ. ಎರಡನೆಯ ದೂರಿಗೆ ಕಾರಣ ಇನ್ನೂ ಸಾಧಾರಣವಾದದ್ದು. ಇಂಡಿಕೇಟರ್‌ನಿಂದ ಬಂದ ಅಕ್ಷರಗಳನ್ನು ಸಂಖ್ಯೆಯಾಗಿಸಲು ಬಳಸಿದ ಎಸ್‌ಟಿಒಐ ಒಳಗೊಳಗೆ ಸಿ ಲೈಬ್ರರಿಯ ಒಂದು ಹಳೆಯ ಫಂಕ್ಷನ್ ಅನ್ನು ಕರೆಯುತ್ತದೆ, ಜಿಲಿಬ್‌ಸಿ 2.38ರಿಂದ ಆ ಫಂಕ್ಷನ್‌ಗೆ ಹೊಸ ರೂಪ ಬಂದಿದ್ದು, 24.04ರಲ್ಲಿ ಕಟ್ಟಿದ ಪ್ರೋಗ್ರಾಮ್ ಆ ಹೊಸ ರೂಪವನ್ನೇ ಹುಡುಕುತ್ತದೆ. 22.04ರಲ್ಲಿರುವುದು 2.35.

ಲಿಬ್‌ಎಸ್‌ಟಿಡಿಸಿ++ ಅನ್ನು ಪ್ರೋಗ್ರಾಮ್‌ನ ಒಳಗೇ ಸೇರಿಸಿ ಕಟ್ಟುವ ಸ್ಟ್ಯಾಟಿಕ್ ಆಯ್ಕೆಯನ್ನು ಕೊಟ್ಟಾಗ ಮೊದಲ ದೂರು ಹೋಯಿತು, ಎರಡನೆಯದು ಉಳಿಯಿತು. ಆ ಬೆಳಿಗ್ಗೆ ಹಳೆಯ ಆವೃತ್ತಿಯನ್ನೇ ಮರಳಿ ಹಾಕಿ, ಗಾಡಿಗಳನ್ನು ಕಳಿಸಿಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಉಬುಂಟು 22.04ರ ಡಾಕರ್ ಕಂಟೇನರ್ ಒಂದನ್ನು, ಅಂದರೆ ನಮ್ಮ ಯಂತ್ರದೊಳಗೇ ಆ ಹಳೆಯ ವ್ಯವಸ್ಥೆಯ ಪ್ರತ್ಯೇಕ ಪರಿಸರವೊಂದನ್ನು, ಮಾಡಿಕೊಂಡು, ಅದರೊಳಗೆ ಜಿಸಿಸಿ 12ರಲ್ಲಿ ಕಟ್ಟುವ ಪದ್ಧತಿಯನ್ನು ಆರಂಭಿಸಿದೆವು. ಇಂದಿಗೂ ಹಾಗೆಯೇ ಮಾಡುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ: ಗ್ರಾಹಕರ ಯಂತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೋ, ಅದೇ ನಮ್ಮ ಹಾಸಿಗೆ.

ಈ ವಿಷಯದಲ್ಲಿ ಎಂಎಸ್‌ವಿಸಿ ನೆಮ್ಮದಿ ಕೊಡುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ವಿಷುಯಲ್ ಸ್ಟುಡಿಯೋ 2015ರಿಂದ 2022ರವರೆಗಿನ ಲೈಬ್ರರಿಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಇಟ್ಟಿದ್ದಾರೆ. ನಮ್ಮ ಕಂಪೈಲರ್‌ಗಿಂತ ಹಳೆಯದಲ್ಲದ ರೀಡಿಸ್ಟ್ರಿಬ್ಯೂಟಬಲ್ ಎಂಬ, ಆ ಲೈಬ್ರರಿಗಳಿರುವ ಪೊಟ್ಟಣವೊಂದನ್ನು ಗ್ರಾಹಕರ ಯಂತ್ರಕ್ಕೆ ಹಾಕಿದರೆ ಸಾಕು. ಲಿನಕ್ಸ್‌ನಲ್ಲಿ ಇಡೀ ವ್ಯವಸ್ಥೆಯ ವಯಸ್ಸಿಗೆ ಹೊಂದಿಕೊಳ್ಳಬೇಕಾದ ಕಡೆ, ವಿಂಡೋಸ್‌ನಲ್ಲಿ ಒಂದು ಪೊಟ್ಟಣದಿಂದ ಮುಗಿಯುತ್ತದೆ.

ಮಾಡ್ಯೂಲ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ನನ್ನ ಸಲಹೆ ಚಿಕ್ಕದು: ಕಾಯಿರಿ. ಹೆಡರ್‌ಗಳ ಬದಲು ಕೋಡ್ ಅನ್ನು ಇಂಪೋರ್ಟ್ ಮಾಡಿಕೊಳ್ಳಲು ಅವಕಾಶ ಕೊಡುವ ಸಿ++20ರ ಈ ಸೌಲಭ್ಯಕ್ಕೆ ಕಂಪೈಲರ್ ಒಂದರ ಬೆಂಬಲ ಸಾಲದು, ಕಟ್ಟುವ ಸಲಕರಣೆಯ ಬೆಂಬಲವೂ ಬೇಕು. ಅಂಥ ಸಲಕರಣೆಯಾದ ಸಿಮೇಕ್ ಇದಕ್ಕೆ ಪೂರ್ಣ ಬೆಂಬಲ ಕೊಟ್ಟದ್ದು 3.28ನೆಯ ಆವೃತ್ತಿಯಲ್ಲಿ, ಅದೂ ನಿಂಜಾ ಅಥವಾ ವಿಷುಯಲ್ ಸ್ಟುಡಿಯೋ ಮೂಲಕ, ಹಳೆಯ ಮೇಕ್‌ಫೈಲ್‌ಗಳ ಮೂಲಕ ಅಲ್ಲ. ಉಬುಂಟು 22.04ರ ಸಿಮೇಕ್ 3.22. ಇಡೀ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಒಂದೇ ಇಂಪೋರ್ಟ್ ಸಾಲಿನಲ್ಲಿ ತರುವ ಸಿ++23ರ ಸೊಗಸು ಜಿಸಿಸಿಗೆ 2025ರ 15ನೆಯ ಆವೃತ್ತಿಯಲ್ಲಿ ಬಂದಿದೆ. ಎಂಎಸ್‌ವಿಸಿಯೊಂದನ್ನೇ ಬಳಸುವವರಾದರೆ ಈಗಲೇ ಪ್ರಯತ್ನಿಸಬಹುದು. ಎರಡು ಕಂಪೈಲರ್‌ಗಳಲ್ಲಿ ಕಟ್ಟಬೇಕಾದವರಿಗೆ ಇನ್ನೂ ಕಾಲ ಬಂದಿಲ್ಲ.

ಯಾರಿಗೆ ಯಾವುದು

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಮೊದಲು ಹೇಳಬೇಕಾದದ್ದು ಟರ್ಬೊ ಸಿ++ ಎಂಬ ಹಳೆಯ ಕಂಪೈಲರ್ ಬಿಡಿ ಎಂದು. ನಾನು ಓದುವಾಗ ಲ್ಯಾಬ್‌ನಲ್ಲಿ ಆ ನೀಲಿ ಪರದೆಯನ್ನು ಡಾಸ್‌ಬಾಕ್ಸ್‌ನೊಳಗೆ ತೆರೆಯುತ್ತಿದ್ದೆವು. ಅದರ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ. ಆದರೆ ಅದು 1998ರ ಮೊದಲ ಸಿ++ ಮಾನಕಕ್ಕಿಂತಲೂ ಹಳೆಯದು. ಅಲ್ಲಿ ಕಲಿತ ಐಒಸ್ಟ್ರೀಮ್ ಡಾಟ್ ಎಚ್, ವಾಯ್ಡ್ ಮೇನ್, ಸಿಎಲ್‌ಆರ್‌ಎಸ್‌ಸಿಆರ್‌ಗಳನ್ನು ಕೆಲಸಕ್ಕೆ ಸೇರಿದ ಮೇಲೆ ಮರೆಯಬೇಕಾಗುತ್ತದೆ. ಡೆವ್-ಸಿ++ 5.11 ಹಾಕಿಕೊಂಡವರ ಸ್ಥಿತಿ ಅಷ್ಟು ಕೆಟ್ಟದ್ದಲ್ಲ, ಆದರೂ ಅದರೊಂದಿಗೆ ಬರುವುದು ಜಿಸಿಸಿ 4.9.2, ಸಿ++17 ಕೂಡ ಅದರಲ್ಲಿ ಸಿಗುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇರುವವರು ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಹಾಕಿಕೊಳ್ಳಲಿ. ಅದು ಯಂತ್ರಕ್ಕೆ ಭಾರವೆನಿಸಿದರೆ ಎಂಎಸ್‌ವೈಎಸ್2 ಮೂಲಕ ಹೊಸ ಜಿಸಿಸಿಯನ್ನು ಪಡೆಯಲಿ. ಲಿನಕ್ಸ್ ಇರುವವರಿಗೆ ಜಿಸಿಸಿ 14 ಅಥವಾ ಅದರ ನಂತರದ್ದು. ಕಲಿಯುವವರಿಗೆ ಹಳೆಯ ಯಂತ್ರಗಳ ಹಂಗಿಲ್ಲ. ಆದ್ದರಿಂದ ಅವರು ಆದಷ್ಟು ಹೊಸದನ್ನೇ ಬಳಸಬೇಕು.

ಗ್ರಾಹಕರಿಗೆ ತಂತ್ರಾಂಶ ಕೊಡುವವರ ಲೆಕ್ಕ ಬೇರೆ. ಗ್ರಾಹಕರೆಲ್ಲ ವಿಂಡೋಸ್‌ನಲ್ಲಿದ್ದರೆ ಎಂಎಸ್‌ವಿಸಿಯೇ ಇರಲಿ, ಪ್ರಿವ್ಯೂ ಎಂಬ ಹೆಸರಿನಲ್ಲಿ ಬರುವ ಸಿ++23 ಆಯ್ಕೆಯನ್ನು ಸದ್ಯಕ್ಕೆ ಮುಟ್ಟದೆ ಸಿ++20ರಲ್ಲಿ ನಿಲ್ಲಲಿ. ಲಿನಕ್ಸ್ ಆದರೆ ಅತಿ ಹಳೆಯ ಯಂತ್ರದ ವಿತರಣೆಯಲ್ಲಿ ಸಿಗುವ ಜಿಸಿಸಿ. ಯಾವುದನ್ನು ಆರಿಸಿಕೊಂಡರೂ ಎರಡನೆಯ ಕಂಪೈಲರ್ ಆಗಿ ಕ್ಲ್ಯಾಂಗ್ ಇರಬೇಕು ಎಂಬುದು ನನ್ನ ಹಟ. ಒಂದು ಕಂಪೈಲರ್ ಮೌನವಾಗಿ ಒಪ್ಪಿಕೊಂಡ ತಪ್ಪನ್ನು ಇನ್ನೊಂದು ಹಿಡಿದ ಸಂದರ್ಭಗಳು ನಮ್ಮಲ್ಲಿ ಒಂದೆರಡಲ್ಲ.

ಹೊಸ ಸೌಲಭ್ಯವೊಂದನ್ನು ಒಪ್ಪಿಕೊಳ್ಳುವ ಮುನ್ನ ಅದು ನಿಜವಾಗಿ ಇದೆಯೇ ಎಂದು ಕೇಳಲು ಸಿ++20ರಲ್ಲಿಯೇ ದಾರಿಯಿದೆ. ವರ್ಷನ್ ಎಂಬ ಹೆಡರ್ ಸೇರಿಸಿದರೆ, ಲೈಬ್ರರಿಯ ಒಂದೊಂದು ಸೌಲಭ್ಯಕ್ಕೂ ಒಂದೊಂದು ಮ್ಯಾಕ್ರೋ ಸಿಗುತ್ತದೆ. ಅದು ಇದ್ದರೆ ಸೌಲಭ್ಯ ಇದೆ, ಇಲ್ಲದಿದ್ದರೆ ಇಲ್ಲ. ಮಾನಕದ ವರ್ಷ ತಿಳಿಸುವ ಮ್ಯಾಕ್ರೋಗಿಂತ, ಹೆಡರ್ ಕಡತ ಇದೆಯೇ ಎಂಬ ಪರೀಕ್ಷೆಗಿಂತ ಇದು ನಂಬಿಕೆಗೆ ಅರ್ಹ. ನಾವು ಬಳಸಬಯಸುವ ಹನ್ನೊಂದು ಸೌಲಭ್ಯಗಳ ಮ್ಯಾಕ್ರೋಗಳನ್ನು ಅಚ್ಚು ಹಾಕುವ ನಲವತ್ತು ಸಾಲಿನ ಕಡತವೊಂದು ನಮ್ಮಲ್ಲಿದೆ. ಹೊಸ ಗ್ರಾಹಕರು ಬಂದಾಗಲೆಲ್ಲ ಅವರ ಯಂತ್ರಕ್ಕೆ ಹೊಂದುವ ಕಂಟೇನರ್‌ನಲ್ಲಿ, ನಮ್ಮ ಎರಡೂ ಕಂಪೈಲರ್‌ಗಳಲ್ಲಿ ಅದನ್ನು ಓಡಿಸುತ್ತೇವೆ. ಅದು ಕೊಟ್ಟ ಉತ್ತರದಂತೆ ಸದ್ಯಕ್ಕೆ ಎಕ್ಸ್‌ಪೆಕ್ಟೆಡ್ ಬಳಸುತ್ತಿದ್ದೇವೆ. ಫಾರ್ಮ್ಯಾಟ್, ಪ್ರಿಂಟ್‌ಗಳ ಬದಲು, ಅವುಗಳಿಗೆ ಮೂಲವಾದ ಎಫ್‌ಎಂಟಿ ಎಂಬ ಹೊರಗಿನ ಲೈಬ್ರರಿಯನ್ನು ಇಟ್ಟುಕೊಂಡಿದ್ದೇವೆ. ಮದ್ದೂರಿನ ಆ ಯಂತ್ರ 24.04ಕ್ಕೆ ಬಂದ ದಿನ ಎಫ್‌ಎಂಟಿಯನ್ನು ತೆಗೆಯಲು ಬದಲಿಸಬೇಕಾದ ಸಾಲುಗಳನ್ನು ಈಗಲೇ ಗುರುತು ಹಾಕಿಟ್ಟಿದ್ದೇನೆ.